ಅಪ್ಪನ ‘ಹೋಲ್ಡಾನ್’, ನಮ್ಮ ಸೆಸ್ನಾ

ಇವತ್ತು ಹಾರಾಟದ ವಿಡಿಯೋ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಾರಾಟ ಮುಗಿದು ಎಂಜಿನ್ ಆರಿಸಿ ಆಗಿದೆ. ಟೆಕ್ಸಾಸ್‌ನ ಸೆಖೆ ಮಾತ್ರ ಇನ್ನೂ ನೆಲದಿಂದ ಏಳುತ್ತಲೇ ಇದೆ. ಈಗ ಈ ಸೆಸ್ನಾ 172 ವಿಮಾನವನ್ನು ಹಿಮ್ಮುಖವಾಗಿ ತಳ್ಳಿ ಹ್ಯಾಂಗರ್ ಒಳಗೆ, ಅಂದರೆ ವಿಮಾನದ ಶೆಡ್ಡಿನೊಳಗೆ, ನಿಲ್ಲಿಸಬೇಕು.

ಬಾಲದ ಹತ್ತಿರ ನೀಲಿ ಶರ್ಟ್ ಹಾಕಿ ನಿಂತಿದ್ದಾರಲ್ಲ, ಅವರು ನಮ್ಮಪ್ಪ. ದಾವಣಗೆರೆಯಿಂದ ಬಂದು ಮೂರು ವಾರ ಆಯಿತು. ಮೂವತ್ತು ವರ್ಷ ಬಸ್ ಓಡಿಸಿದವರು.

“ಇದೇನೋ, ಇಷ್ಟು ಹಗುರ ಇದೆ!” ಅಂದರು. ಹಗುರವೇ. ಖಾಲಿ ತೂಕ ಸುಮಾರು 760 ಕೆಜಿ, ಹೆಚ್ಚುಕಡಿಮೆ ಒಂದು ಸಣ್ಣ ಮಾರುತಿ ಕಾರಿನಷ್ಟು. ನೆಲ ಮಟ್ಟಸವಾಗಿದ್ದರೆ ಒಬ್ಬರೇ ತಳ್ಳಬಹುದು. ತಾಪತ್ರಯ ಇರುವುದೇ ಅಲ್ಲಿ. ತಳ್ಳಬಹುದು ಅಂತ ಒಬ್ಬರೇ ತಳ್ಳೋಕೆ ಹೋಗುತ್ತೇವೆ.

ಹೋದ ವರ್ಷ ನಾನೂ ಹಾಗೇ ಮಾಡಿದ್ದೆ. ಎಡಗಡೆ ರೆಕ್ಕೆ ಕಂಬಕ್ಕೆ ತಾಗಬಾರದು ಅಂತ ಅದನ್ನೇ ನೋಡಿಕೊಂಡು ತಳ್ಳುತ್ತಿದ್ದೆ. ಬಲಗಡೆಯಿಂದ ‘ಟಕ್’ ಅಂತ ಕೇಳಿಸಿತು, ಹಪ್ಪಳ ಮುರಿದ ಹಾಗೆ. ರೆಕ್ಕೆ ತುದಿಯ ಕವಚ ಸೀಳಿತ್ತು. ಯಾರೂ ನೋಡಿರಲಿಲ್ಲ, ಸುಮ್ನೆ ಬಾಗಿಲು ಹಾಕಿಕೊಂಡು ಹೋಗೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಬೆಳಿಗ್ಗೆ ಇನ್ನೊಬ್ಬರು ಇದನ್ನೇ ಹಾರಿಸಬೇಕು, ಅಲ್ವಾ? ಫೋನ್ ಮಾಡಿ ಹೇಳಿದೆ. ರಿಪೇರಿ ಬಿಲ್ ಕಟ್ಟಿದೆ.

ಲೆಕ್ಕ ನೋಡಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 36 ಅಡಿ 1 ಇಂಚು. ನಮ್ಮ ಹ್ಯಾಂಗರ್ ಬಾಗಿಲು 40 ಅಡಿ. ಸರಿಯಾಗಿ ನಡುವೆ ಬಂದರೂ ಆಚೆ ಈಚೆ ಎರಡೆರಡು ಅಡಿ ಸಿಗುವುದಿಲ್ಲ. ಅದಕ್ಕೇ ನೆಲದ ಮೇಲೆ ಈ ಹಳದಿ ಗೆರೆ. ಮೂಗಿನ ಚಕ್ರ ಇದರ ಮೇಲೇ ಬರಬೇಕು.

ಈ ಕೆಂಪು ಸಲಾಕೆ ಟೋ ಬಾರ್. ಮೂಗಿನ ಚಕ್ರಕ್ಕೆ ಸಿಕ್ಕಿಸಿ ತಿರುಗಿಸುವುದಕ್ಕೆ. ಎಡಕ್ಕೆ 30 ಡಿಗ್ರಿ, ಬಲಕ್ಕೆ 30 ಡಿಗ್ರಿ, ಅಷ್ಟೇ. ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಮೂಗಿನ ಚಕ್ರದ ಜೋಡಣೆ ಹಾಳಾಗುತ್ತದೆ. ರಡ್ಡರ್‌ಗೆ, ಅಂದರೆ ಬಾಲದಲ್ಲಿ ಎಡಬಲಕ್ಕೆ ತಿರುಗುವ ಪಟ್ಟಿಗೆ, ಲಾಕ್ ಹಾಕಿದ್ದರೆ ಅದನ್ನು ಮೊದಲು ತೆಗೀಬೇಕು. ಪಾರ್ಕಿಂಗ್ ಬ್ರೇಕ್ ಬಿಡಬೇಕು.

ಅಪ್ಪ ಸೀದಾ ಪ್ರೊಪೆಲ್ಲರ್‌ಗೆ ಕೈ ಹಾಕಲು ಹೋದರು. “ಅಪ್ಪಾ, ಅದನ್ನ ಮುಟ್ಟಬೇಡಿ!”

“ಕೀಲಿ ನಿನ್ನ ಜೇಬಲ್ಲೇ ಇದೆಯಲ್ಲೋ?”

ಇದೆ. ಆದರೆ ವಿಮಾನದ ಇಗ್ನಿಷನ್ ಕಾರಿನ ಹಾಗಲ್ಲ. ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟೋ ಅನ್ನೋ ಸಾಧನ ತಾನೇ ಕಿಡಿ ಹುಟ್ಟಿಸುತ್ತದೆ, ಬ್ಯಾಟರಿ ಬೇಕಿಲ್ಲ. ಸ್ವಿಚ್ ಆಫ್ ಮಾಡಿದಾಗ ಒಂದು ತಂತಿ ಅದನ್ನು ಅರ್ತ್ ಮಾಡಿ ಸುಮ್ಮನಾಗಿಸುತ್ತದೆ. ಆ ತಂತಿ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೋಗೆ ಗೊತ್ತಾಗುವುದಿಲ್ಲ. ಪ್ರೊಪೆಲ್ಲರ್ ಸ್ವಲ್ಪ ತಿರುಗಿದರೂ ಎಂಜಿನ್ ಒಂದು ಏಟು ಹೊಡೆಯಬಹುದು. ಕೈ ಹೋಗೋದಕ್ಕೆ ಅಷ್ಟು ಸಾಕು. ಹಿಂದೆ ಬಾಲದ ಅಡ್ಡ ರೆಕ್ಕೆಯನ್ನೂ ಹಿಡಿದು ಎಳೆಯಬಾರದು, ಅದು ತೆಳುವಾದ ತಗಡು. ರೆಕ್ಕೆಗೆ ಆನಿಸಿದ ಈ ಓರೆ ಕಂಬ ಇದೆಯಲ್ಲ, ಅದರ ಬುಡದಲ್ಲಿ ಕೈ ಕೊಟ್ಟು ತಳ್ಳಬೇಕು.

ಇನ್ನೊಂದು ಗೊಂದಲ ಎಡ ಬಲದ್ದು. ನಾನು ವಿಮಾನಕ್ಕೆ ಎದುರಾಗಿ ನಿಂತಿದ್ದೇನೆ, ಅಪ್ಪ ಬಾಲದ ಕಡೆಯಿಂದ ನನ್ನತ್ತ ನೋಡುತ್ತಿದ್ದಾರೆ. ನನ್ನ ಎಡ ಅವರಿಗೆ ಬಲ. ಅದಕ್ಕೆ ಎಡ ಬಲ ಅನ್ನೋದೇ ಬೇಡ ಅಂತ ಮಾಡಿಕೊಂಡೆವು. ‘ಮರದ ಕಡೆ’, ‘ಫ್ಯಾನಿನ ಕಡೆ’, ಅಷ್ಟೇ. ನಿಲ್ಲಿಸೋಕೆ ಏನು ಅನ್ನೋಣ ಅಂತ ಕೇಳಿದೆ. ಅಪ್ಪ ನನ್ನನ್ನೇ ವಿಚಿತ್ರವಾಗಿ ನೋಡಿದರು. “ಹೋಲ್ಡಾನ್ ಅನ್ನಬೇಕಪ್ಪಾ, ಇನ್ನೇನು?”

ಈಗ ಸೌಂಡ್ ಜಾಸ್ತಿ ಮಾಡಿಕೊಳ್ಳಿ. “ಬರ್ಲಿ, ಬರ್ಲಿ... ಮರದ ಕಡೆ... ಸಾಕು, ಬರ್ಲಿ...” ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗಿದೆ ಅಲ್ವಾ? “ಹೋಲ್ಡಾನ್! ಹೋಲ್ಡಾನ್!”

ನಿಂತೆ. ರೆಕ್ಕೆಗಳೆರಡೂ ಸರಿಯಾಗಿದ್ದವು. ಅಪ್ಪ ಮೇಲೆ ಕೈ ತೋರಿಸುತ್ತಿದ್ದರು. ನಮ್ಮದು ನಡುವೆ ಮಡಚಿಕೊಂಡು ಮೇಲೆ ಹೋಗುವ ಬಾಗಿಲು. ಬಟನ್ ಒತ್ತಿ ಹಿಡಿದಿರಬೇಕು. ನಾನು ಒಂದು ಚೂರು ಬೇಗ ಕೈ ಬಿಟ್ಟಿದ್ದೆ. ಬಾಲದ ಎತ್ತರ 8 ಅಡಿ 11 ಇಂಚು, ಬಾಗಿಲಿಗೂ ಅದಕ್ಕೂ ಒಂದು ಗೇಣು ಜಾಗ ಇತ್ತು. ನಿಂತಿದ್ದಾಗ ಸಾಕು. ಆದರೆ ಇಲ್ಲಿ ನೋಡಿ, ನಿಧಾನವಾಗಿ ತೋರಿಸುತ್ತೇನೆ. ಮೂಗಿನ ಚಕ್ರ ಕಾಂಕ್ರೀಟಿನ ಸಂದಿಗೆ ಇಳಿದ ಕೂಡಲೇ ಬಾಲ ಮೇಲೆ ಕುಣಿಯಿತು. ವಿಮಾನದ ಕೈಪಿಡಿಯಲ್ಲಿ ಈ ಎಚ್ಚರಿಕೆ ಇದೆ: ಉಬ್ಬುತಗ್ಗಿನ ಮೇಲೆ ತಳ್ಳುವಾಗ ಬಾಲ ಏರಿಳಿದು ಬಾಗಿಲಿಗೆ ತಾಗೀತು, ಮೂಗಿನ ಟೈರಿನ ಗಾಳಿ ಹೋಗಿದ್ದರೆ ಬಾಲ ಇನ್ನೂ ಎತ್ತರ ಆಗುತ್ತದೆ ಅಂತ. ನಾನು ಓದಿದ್ದೇನೆ. ಅಪ್ಪ ಓದಿಲ್ಲ.

“ಮೇಲೆ ಲಗೇಜ್ ಇದ್ದಾಗ ಪೆಟ್ರೋಲ್ ಬಂಕಿನ ಸೂರು ನೋಡ್ಕೋಬೇಕಾಗ್ತಿತ್ತು ಕಣೋ,” ಅಂದರು.

ಬಾಗಿಲು ಪೂರ್ತಿ ಎತ್ತಿ, ನಿಧಾನವಾಗಿ ಒಳಗೆ ತಂದೆವು. ಚಕ್ರಕ್ಕೆ ಅಡೆ ಕೊಟ್ಟೆವು. ಟೋ ಬಾರ್ ಆಗಲೇ ಬಿಚ್ಚಿ ಗೋಡೆಯ ಮೊಳೆಗೆ ಸಿಕ್ಕಿಸಿದೆ. ನಾಳೆ ಬಿಚ್ಚೋಣ ಅನ್ನಬಾರದು. ಅದನ್ನು ಮರೆತು ಎಂಜಿನ್ ಶುರು ಮಾಡಿದರೆ ಪ್ರೊಪೆಲ್ಲರ್ ಅದಕ್ಕೇ ಬಡಿಯುತ್ತದೆ, ಆಮೇಲೆ ಇಡೀ ಎಂಜಿನ್ ಬಿಚ್ಚಿ ನೋಡಬೇಕು.

ಎಲ್ಲ ಮುಗಿಯಿತು ಅಂತ ಕ್ಯಾಮೆರಾ ಕಡೆ ತಿರುಗಿದೆ. ರೆಕ್ಕೆಯ ಹಿಂದಿನ ಅಂಚು ನೇರ ಹಣೆಗೆ. ಇಲ್ಲಿಯವರು ಈ ಗಾಯಕ್ಕೆ ‘ಸೆಸ್ನಾ ಡೈಮಂಡ್’ ಅನ್ನುತ್ತಾರೆ.

ಅಪ್ಪ ಆಮೇಲೆ ಮೆಲ್ಲಗೆ ಅಂದರು, “ಹೋಲ್ಡಾನ್.”