ಮುಖದ ಇಸುಬು: ಮುಖಕ್ಕೆ ಏನೇನು ತಾಗುತ್ತದೆ?

ಮಂಡ್ಯದ ಬಂಧುಗಳೇ, ಎಲ್ಲರಿಗೂ ನಮಸ್ಕಾರ.

ಪ್ರಕೃತಿ ಚಿಕಿತ್ಸೆಯವರಾದ ನಾವು ಬಂದವರಿಗೆಲ್ಲ ಉಪವಾಸ ಮಾಡಿಸಿ, ಹೊಟ್ಟೆಗೆ ಮಣ್ಣಿನ ಪಟ್ಟಿ ಹಾಕುತ್ತೇವೆ ಅನ್ನುವ ಮಾತಿದೆ. ಮುಖದ ಇಸುಬಿಗೆ ನಾನು ಅಲ್ಲಿಂದ ಶುರು ಮಾಡುವುದಿಲ್ಲ. ಮುಖಕ್ಕೆ ದಿನಾ ಏನೇನು ತಾಗುತ್ತದೆ ಅಂತ ಕೇಳುತ್ತೇನೆ.

ಇಸುಬು ಎಲ್ಲಿ ಎದ್ದಿದೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಹಣೆಯ ನಡುವೆ ಮಾತ್ರ ತುರಿಕೆಯಿದ್ದರೆ ಸ್ಟಿಕ್ಕರಿನ ಅಂಟಿನ ಮೇಲೆ ಅನುಮಾನ. ಕೂದಲಿನ ಅಂಚಿನಲ್ಲಿ, ಕಿವಿಯ ಹತ್ತಿರ ಇದ್ದರೆ ಹೇರ್ ಡೈ. ಮೂಗಿನ ಪಕ್ಕ, ಹುಬ್ಬಿನಲ್ಲಿ ಜಿಡ್ಡು ಹೊಟ್ಟು ಏಳುತ್ತಿದ್ದರೆ ತಲೆಯಲ್ಲೂ ಹೊಟ್ಟಿದೆಯಾ ನೋಡಬೇಕು. ಬರೀ ಕಣ್ಣಿನ ರೆಪ್ಪೆಯಾದರೆ ಉಗುರು ನೋಡುತ್ತೇನೆ. ನೈಲ್ ಪಾಲಿಶ್ ಹಚ್ಚಿದ ಬೆರಳಿಗೆ ಏನೂ ಆಗದೆ, ಆ ಬೆರಳಲ್ಲಿ ಉಜ್ಜಿದ ತೆಳು ರೆಪ್ಪೆ ಊದಿಕೊಂಡಿರುತ್ತದೆ.

ನಮ್ಮ ಕಡೆ ಮರೆಯಬಾರದ ಇನ್ನೊಂದು ಇದೆ, ಕಾಂಗ್ರೆಸ್ ಗಿಡ. ನಾಲೆ ಏರಿ, ಗದ್ದೆ ಬದು, ಖಾಲಿ ಸೈಟು, ಎಲ್ಲಿ ನೋಡಿದರೂ ಅದೇ. ಹೊಲಕ್ಕೆ ಹೋಗುವವರ ಮುಖ ಕಪ್ಪಾಗಿ, ದಪ್ಪಗಾಗಿ, ಗೆರೆ ಬಿದ್ದರೆ ಬಿಸಿಲಿನ ಅಲರ್ಜಿ ಅಂದುಕೊಳ್ಳುತ್ತಾರೆ. ಬಿಸಿಲಿನದೇ ಆದರೆ ಗದ್ದದ ಕೆಳಗೆ, ಕಿವಿಯ ಹಿಂದೆ ಚರ್ಮ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಗಾಳಿಯಲ್ಲಿ ಬರುವ ಗಿಡದ ಪುಡಿ ಆ ನೆರಳಿನ ಜಾಗಗಳಲ್ಲೂ ಕೂರುತ್ತದೆ, ರೆಪ್ಪೆಯನ್ನೂ ಬಿಡುವುದಿಲ್ಲ. ಒಣಗಿದ ಗಿಡವೂ ಅಷ್ಟೇ. ಬರಿಗೈಲಿ ಕೀಳಬೇಡಿ, ಬಟ್ಟೆಯನ್ನು ಬದುವಿನ ಮೇಲೆ ಒಣಗಿ ಹಾಕಬೇಡಿ, ಮನೆಗೆ ಬಂದ ತಕ್ಷಣ ಮುಖ ತೊಳೆಯಿರಿ. ಖಚಿತವಾಗಬೇಕಾದರೆ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಇದೆ. ಅನುಮಾನವಿರುವ ವಸ್ತುಗಳನ್ನು ಹಾಕಿ ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆಗೆ ತೆಗೆದು, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅವರ ಹತ್ತಿರ ಕಳಿಸಲು ನನಗೇನೂ ಸಂಕೋಚವಿಲ್ಲ.

ಗಿಡಮೂಲಿಕೆಯಿಂದ ಏನೂ ತೊಂದರೆ ಆಗಲ್ಲ ಅಂತ ಬೆಳ್ಳುಳ್ಳಿ ಅರೆದು, ನಿಂಬೆರಸ ಹಿಂಡಿ ಹಚ್ಚುವವರಿದ್ದಾರೆ. ಚರ್ಮ ಸುಟ್ಟುಹೋಗುತ್ತದೆ. ಕಾಂಗ್ರೆಸ್ ಗಿಡವೂ ಗಿಡವೇ ಅಲ್ವಾ? ಇನ್ನು ಕೆಲವರು ಬೆಳ್ಳಗಾಗಲಿ ಅಂತ ಮೆಡಿಕಲ್ ಸ್ಟೋರಿನಲ್ಲಿ ಸ್ಟೀರಾಯ್ಡ್ ಟ್ಯೂಬು ಕೇಳಿ ತರುತ್ತಾರೆ. ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಉರಿಗೆ ಮತ್ತೆ ಅದನ್ನೇ ಹಚ್ಚುತ್ತಾರೆ. ಇದೇ ಒಂದು ಕಾಯಿಲೆ. ಡಾಕ್ಟರು ನೋಡಿ ಬರೆದುಕೊಟ್ಟಿದ್ದು ಬೇರೆ, ಅದನ್ನು ನೀವಾಗಿಯೇ ನಿಲ್ಲಿಸಬೇಡಿ.

ಊಟದ ವಿಷಯಕ್ಕೆ ಬರೋಣ. ಬದನೆಕಾಯಿ ನಂಜು ಅಂತ ಜನ್ಮಪೂರ್ತಿ ಬಿಟ್ಟವರಿದ್ದಾರೆ. ಮೂರು ವಾರ ಬಿಟ್ಟು ನೋಡಿ, ಆಮೇಲೆ ತಿಂದು ನೋಡಿ. ವ್ಯತ್ಯಾಸ ಕಾಣದಿದ್ದರೆ ಸುಮ್ನೆ ಎಣಗಾಯಿ ಮಾಡಿಕೊಂಡು ತಿನ್ನಿ. ಮಕ್ಕಳಿಗೆ ಮಾತ್ರ ಹಾಲು, ಮೊಟ್ಟೆಯಲ್ಲಿ ಈ ಪ್ರಯೋಗ ಬೇಡ, ಡಾಕ್ಟರನ್ನು ಕೇಳಿ. ಒದ್ದೆ ಬಟ್ಟೆಯ ತಂಪು, ಸರಿಯಾದ ನಿದ್ದೆ ತುರಿಕೆ ತಗ್ಗಿಸುತ್ತವೆ, ಆದರೆ ಕಾರಣ ತಾಗುತ್ತಲೇ ಇದ್ದರೆ ಇಸುಬು ಮತ್ತೆ ಏಳುತ್ತದೆ.

ತೋರಿಸಿಕೊಳ್ಳಲು ಬರುವವರು ಮುಖಕ್ಕೆ, ತಲೆಗೆ ಹಚ್ಚುವುದನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಬನ್ನಿ. ಪಕ್ಕದ ಮನೆಯವರು ಕೊಟ್ಟ, ಹೆಸರಿಲ್ಲದ ಡಬ್ಬಿ ಇದ್ದರೆ ಅದನ್ನೂ ತನ್ನಿ. ಈಗ ನಿಮ್ಮ ಪ್ರಶ್ನೆ ಕೇಳಿ.