ನೇರಳೆ ಫ್ಯಾಂಟಮ್, ನೀಲಿ ಫ್ಯಾಂಟಮ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ತಲೆ ನರೆತವರಿಗೆ ಇಂದ್ರಜಾಲ ಕಾಮಿಕ್ಸ್ ನೆನಪಿರಬೇಕು. 1964ರಲ್ಲಿ ಇಂಗ್ಲಿಷಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೂ ಬಂತು. ಅದರಲ್ಲಿ ಬರುವ ಮುಖವಾಡದ ಸಾಹಸಿ ಫ್ಯಾಂಟಮ್‌ನ ಬಟ್ಟೆ ಯಾವ ಬಣ್ಣ? ನೇರಳೆ ಅನ್ನುತ್ತೀರಿ, ಅಲ್ವಾ? ಫಿನ್ಲೆಂಡಿನಲ್ಲಿ ಕೇಳಿದರೆ ನೀಲಿ ಅನ್ನುತ್ತಾರೆ. ಅಲ್ಲಿ ಅವನ ಹೆಸರೂ ಬೇರೆ, ಮುಸ್ತನಾಮಿಯೊ. ಅಂದರೆ ಕಪ್ಪು ಮುಖವಾಡ. ಹೆಸರಲ್ಲಿ ಕಪ್ಪು, ಮೈಮೇಲೆ ನೀಲಿ!

ಇದರಲ್ಲಿ ಯಾರ ತಪ್ಪೂ ಇಲ್ಲ. ಲೀ ಫಾಕ್ ಬರೆದ ಈ ಕಥೆ ಅಮೆರಿಕದ ಪೇಪರುಗಳಲ್ಲಿ 1936ರ ಫೆಬ್ರವರಿ 17ರಂದು ಶುರುವಾದಾಗ ಚಿತ್ರಗಳು ಕಪ್ಪು ಬಿಳುಪಿನಲ್ಲಿದ್ದವು. ಭಾನುವಾರದ ಬಣ್ಣದ ಪುಟ ಬಂದದ್ದು 1939ರಲ್ಲಿ. ಆಗ ನೇರಳೆಯಾಯಿತು. ದಿನದ ಪಟ್ಟಿಗಳನ್ನು, ಅಂದರೆ ಪೇಪರಿನಲ್ಲಿ ದಿನಾ ಬರುವ ಕಪ್ಪು ಬಿಳುಪಿನ ಚಿತ್ರಗಳ ಸಾಲನ್ನು, ಕೊಂಡ ಬೇರೆ ದೇಶದವರು ತಮಗೆ ತೋಚಿದ ಬಣ್ಣ ಬಳಿದರು. ಇಟಲಿಯಲ್ಲಿ ಕೆಂಪು, ಸ್ವೀಡನ್ನಿನಲ್ಲಿ ನೀಲಿ.

ಸ್ವೀಡನ್ನಿನ ಒಂದು ವಾರಪತ್ರಿಕೆಯಲ್ಲಿ ಅವನು 1940ರಲ್ಲೇ ಕಾಣಿಸಿಕೊಂಡಿದ್ದ. 1950ರಲ್ಲಿ ‘ಫಾಂಟೊಮೆನ್’ ಅಂತ ಅವನದೇ ಪತ್ರಿಕೆ ಬಂತು. ನನಗೆ ಜಾಸ್ತಿ ಕುತೂಹಲ ಇರುವುದು ಅದರ ಒಳಗಿನ ಕೆಲಸದ ಬಗ್ಗೆ. ಪೇಪರಿನ ಪಟ್ಟಿ ಅಂದರೆ ದಿನಕ್ಕೆ ಮೂರು ನಾಲ್ಕು ಚೌಕ, ಅಷ್ಟೇ. ಮೊದಲ ಚೌಕ ನಿನ್ನೆಯದನ್ನು ನೆನಪಿಸಬೇಕು, ಕೊನೆಯದು ನಾಳೆಗೆ ಆಸೆ ಹುಟ್ಟಿಸಬೇಕು. ಅದನ್ನೇ ಸಾಲಾಗಿ ಪುಸ್ತಕದ ಪುಟದಲ್ಲಿ ಅಂಟಿಸಿದರೆ ಓದುಗನಿಗೆ ಹೇಳಿದ್ದೇ ಹೇಳಿದಂತೆ ಅನಿಸುತ್ತದೆ. ಹಾಗಾಗಿ ಇಂಥ ಪತ್ರಿಕೆಗಳವರು ಕತ್ತರಿ ಹಿಡಿದು ಕೂರಬೇಕು. ಕೆಲವು ಚೌಕ ಕಿತ್ತು ಹಾಕಬೇಕು, ಕೆಲವನ್ನು ಅಂಚಿನಲ್ಲಿ ಕತ್ತರಿಸಬೇಕು. ಇನ್ನು ಮಾತಿನ ಬಲೂನು ಇಂಗ್ಲಿಷಿನ ಅಳತೆಯದು. ಫಿನ್ನಿಶ್ ಪದಗಳೋ, ನಮ್ಮ ಕನ್ನಡದ ಹಾಗೇ ಪ್ರತ್ಯಯ ಸೇರಿ ಸೇರಿ ಉದ್ದವಾಗುತ್ತವೆ. ಅನುವಾದಕನ ಪಾಡು ಕೇಳಬೇಡಿ.

ಅದಕ್ಕಿಂತ ದೊಡ್ಡ ತೊಂದರೆ ಲೆಕ್ಕದ್ದು. ಒಂದು ಕಥೆ ಪೇಪರಿನಲ್ಲಿ ನಾಲ್ಕು ತಿಂಗಳು ನಡೆಯಿತು ಅಂದುಕೊಳ್ಳಿ. ವಾರಕ್ಕೆ ಆರು ಪಟ್ಟಿ, ಪಟ್ಟಿಗೆ ಮೂರು ಚೌಕ, ಒಟ್ಟು ಮುನ್ನೂರರ ಹತ್ತಿರ. ಪುಟಕ್ಕೆ ಎಂಟು ಚೌಕ ಹಾಕಿದರೆ ನಲವತ್ತು ಪುಟವೂ ತುಂಬಲ್ಲ. ಅಮೆರಿಕದವನು ನಾಲ್ಕು ತಿಂಗಳು ಕಾದು ಓದಿದ್ದನ್ನು ಸ್ವೀಡನ್ನಿನ ಹುಡುಗ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾನೆ. ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬರತೊಡಗಿದರೆ ವರ್ಷಕ್ಕೆ ಇಪ್ಪತ್ತಾರು ಸಂಚಿಕೆ. ಹೊಸ ಕಥೆ ಹುಟ್ಟುವುದು ವರ್ಷಕ್ಕೆ ಬೆರಳೆಣಿಕೆಯಷ್ಟು. ಹಳೆಯ ದಾಸ್ತಾನು ಎಷ್ಟು ದಿನ ಬಂದೀತು?

ಅದಕ್ಕೇ 1963ರಿಂದ ಸ್ವೀಡನ್ನಿನವರು ಪರವಾನಗಿ ಪಡೆದು ತಮ್ಮದೇ ಫ್ಯಾಂಟಮ್ ಕಥೆಗಳನ್ನು ಮಾಡಿಸತೊಡಗಿದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದೇ ರುಚಿಯ ಭಾಗ. ಫಾಕ್ 1999ರಲ್ಲಿ ತೀರಿಕೊಳ್ಳುವವರೆಗೂ ಪೇಪರಿಗೆ ಬರೆಯುತ್ತಲೇ ಇದ್ದರು. ಅದರ ಪಕ್ಕದಲ್ಲೇ ಇನ್ನೊಂದು ಫ್ಯಾಂಟಮ್ ಬೆಳೆಯಿತು. ಪೇಪರಿನ ಫ್ಯಾಂಟಮ್‌ಗೆ ದಿನಕ್ಕೆ ಮೂರೇ ಚೌಕ, ಉಸಿರಾಡಲೂ ಜಾಗವಿಲ್ಲ. ಸ್ವೀಡನ್ನಿನ ತಂಡಕ್ಕೆ ಪೂರ್ತಿ ಪುಟ ಕೈಗೆ ಸಿಕ್ಕಿತು. ಕಥೆಯಲ್ಲಿ ಫ್ಯಾಂಟಮ್ ಪಟ್ಟ ಅಪ್ಪನಿಂದ ಮಗನಿಗೆ ಬರುತ್ತದೆ. ಹಾಗಾಗಿ ಹಿಂದಿನ ತಲೆಮಾರಿನ ಫ್ಯಾಂಟಮ್‌ಗಳ ಕಾಲಕ್ಕೆ ಹೋಗಿ, ನಿಜವಾದ ಇತಿಹಾಸದ ಘಟನೆಗಳ ಮಧ್ಯೆ ಅವರನ್ನು ನಿಲ್ಲಿಸುವುದು ಈ ತಂಡಕ್ಕೆ ಬಹಳ ಇಷ್ಟದ ಆಟವಾಯಿತು. ಅವೇ ಕಥೆಗಳು ನಾರ್ವೆಗೂ ಫಿನ್ಲೆಂಡಿಗೂ ಹೋದವು. ಮುಸ್ತನಾಮಿಯೊ ಕೊಂಡ ಹುಡುಗ ಅಮೆರಿಕದ ಸಾಹಸ ಓದುತ್ತಿದ್ದೇನೆ ಅಂದುಕೊಂಡಿರಬಹುದು. ಅವನ ಕೈಯಲ್ಲಿದ್ದದ್ದು ಎಷ್ಟೋ ಸಲ ಬ್ರಿಟನ್ನಿನ ಡಾನ್ ಅವೆನೆಲ್ ಬರೆದದ್ದು, ಇಲ್ಲವೇ ಸ್ಪೇನಿನ ಹೈಮೆ ವಾಲ್ವೆ ಚಿತ್ರ ಬಿಡಿಸಿದ್ದು.