ಕುರಾಶಿಕಿಯ ಓಹಾರಾ ಕಲಾ ಸಂಗ್ರಹಾಲಯ: ಕ್ಯಾಮೆರಾ ಬಾರದ ಕೊಠಡಿಗಳು

ನಮಸ್ಕಾರ. ನೀವೀಗ ನೋಡುತ್ತಿರುವುದು ಜಪಾನಿನ ಒಕಾಯಾಮಾ ಪ್ರಾಂತ್ಯದ ಕುರಾಶಿಕಿಯ ಕಾಲುವೆ. ದಡದಲ್ಲಿ ಗ್ರೀಕ್ ದೇಗುಲದಂತೆ ಕಂಬಗಳನ್ನು ಹೊತ್ತು ನಿಂತಿರುವುದೇ 1930ರಲ್ಲಿ ತೆರೆದ ಓಹಾರಾ ಕಲಾ ಸಂಗ್ರಹಾಲಯ. ಟಿಕೆಟಿಗೆ 2,000 ಯೆನ್ ಕೊಟ್ಟೆ. ಕೊಡುವಾಗ ದುಬಾರಿಯೆನಿಸಿತು, ಹೊರಬರುವಾಗ ಹಾಗೆನಿಸಲಿಲ್ಲ.

ಒಳಗೆ ಚಿತ್ರೀಕರಣಕ್ಕೆ ಅನುಮತಿಯಿಲ್ಲ. ಹಾಗಾಗಿ ಇನ್ನು ಸ್ವಲ್ಪ ಹೊತ್ತು ತೆರೆಯ ಮೇಲೆ ನೀರು ಮತ್ತು ವಿಲೋ ಮರಗಳಷ್ಟೇ ಇರುತ್ತವೆ, ಉಳಿದದ್ದನ್ನು ನಾನು ಹೇಳಬೇಕು. ಇದು ನನಗೆ ನಿಜಕ್ಕೂ ನೋವು ತಂದಿತು, ಏಕೆಂದರೆ ಈ ಸಂಗ್ರಹ ಹುಟ್ಟಿದ್ದೇ ಯುರೋಪಿಗೆ ಹೋಗಲಾಗದವರಿಗಾಗಿ. ನೂಲಿನ ಗಿರಣಿಯ ಒಡೆಯ ಓಹಾರಾ ಮಾಗೊಸಾಬುರೋ ಅವರ ನೆರವಿನಿಂದ ಯುರೋಪಿನಲ್ಲಿ ಕಲಿತ ಚಿತ್ರಕಾರ ಕೊಜಿಮಾ ತೊರಾಜಿರೋ, ಜಪಾನಿನ ಕಲಾವಿದ್ಯಾರ್ಥಿಗಳು ಮೂಲಚಿತ್ರಗಳನ್ನೇ ಕಾಣಬೇಕೆಂದು ಅವರಲ್ಲಿ ಬೇಡಿಕೊಂಡರು. ಹಾಗೆ ಕೊಂಡುತಂದ ಚಿತ್ರಗಳನ್ನು 1921ರಲ್ಲಿ ಇದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಅಂಥ ಚಿತ್ರಗಳನ್ನು ನಿಮಗೆ ಕ್ಯಾಮೆರಾದಲ್ಲಾದರೂ ತರಬಾರದೆಂದರೆ ಹೇಗೆ ಎಂದು ಮೊದಲ ಕೊಠಡಿಯುದ್ದಕ್ಕೂ ಗೊಣಗುತ್ತಲೇ ನಡೆದೆ.

ಹಳೆಯ ಕಾಲದ ಯುರೋಪಿನ ಚಿತ್ರಕಾರ ಎಲ್ ಗ್ರೆಕೋ ಬರೆದ, ಯೇಸುವಿನ ತಾಯಿ ಮರಿಯಳ ಚಿತ್ರದ ಮುಂದೆ ಆ ಗೊಣಗಾಟ ನಿಂತಿತು. ಎಡಗಡೆ ಓದುತ್ತಿದ್ದ ಮರಿಯಳು ತಟ್ಟನೆ ತಲೆಯೆತ್ತಿದ್ದಾಳೆ. ಬಲಗಡೆ ಮೋಡದ ಮೇಲೆ, ಕೈಯಲ್ಲಿ ಬಿಳಿ ಲಿಲ್ಲಿ ಹಿಡಿದ ದೇವದೂತ, ಯೇಸು ಹುಟ್ಟಲಿರುವ ಶುಭವಾರ್ತೆ ತಂದಿದ್ದಾನೆ. 1922ರಲ್ಲಿ ಪ್ಯಾರಿಸ್ಸಿನಲ್ಲಿ ಇದನ್ನು ಕಂಡ ಕೊಜಿಮಾ, ಬೆಲೆ ಕೈಗೆ ಮೀರಿದ್ದರಿಂದ ಊರಿಗೆ ಬರೆದು ಹಣ ತರಿಸಿಕೊಂಡರು. ಆ ಕತ್ತಲನ್ನು ಸೀಳಿ ಬರುವ ಬೆಳಕು ಯಾವ ಅಚ್ಚಿನ ಪ್ರತಿಯಲ್ಲೂ ಉಳಿಯದೆಂದು ಅವರಿಗೆ ತಿಳಿದಿತ್ತು, ನನ್ನ ಕ್ಯಾಮೆರಾದಲ್ಲೂ ಅದು ಉಳಿಯುತ್ತಿರಲಿಲ್ಲ. ಆ ಕ್ಷಣಕ್ಕೆ ನಿಯಮವೇ ಸರಿಯೆನಿಸಿತು.

ಆದರೆ ಹಳೆಯ ಅಕ್ಕಿ ಕಣಜಗಳಲ್ಲಿರುವ ಕರಕುಶಲ ವಿಭಾಗಕ್ಕೆ ಬಂದೊಡನೆ ಮನಸ್ಸು ಮತ್ತೆ ತಿರುಗಿತು. ಹಮಾದಾ ಶೋಜಿ, ಕವಾಯಿ ಕಾಂಜಿರೋ, ಬರ್ನಾರ್ಡ್ ಲೀಚ್ ಮೊದಲಾದವರ ಮಡಕೆಗಳಿವು, ದಿನಬಳಕೆಯ ವಸ್ತುಗಳ ಚೆಲುವನ್ನು ನಂಬಿದವರ ಕೆಲಸ. ಇವುಗಳ ಒಂದು ಚಿತ್ರವಾದರೂ ನಿಮ್ಮ ಮನೆಗಳನ್ನು ತಲುಪಬೇಕಿತ್ತು. ಅಲ್ಲಿಗಿಂತ ಹೆಚ್ಚು ಹೊತ್ತು ನಾನು ಬೇರೆಲ್ಲೂ ನಿಲ್ಲಲಿಲ್ಲ.

ಕೊಜಿಮಾ 1929ರಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ನೆನಪಿಗೆಂದೇ ಕಟ್ಟಿಸಿದ ಈ ಕಟ್ಟಡವನ್ನು ಅವರು ನೋಡಲೇ ಇಲ್ಲ. 1920ರಲ್ಲಿ ಅವರು ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯವರಿಂದಲೇ ಕೊಂಡ ನೈದಿಲೆಗಳ ಚಿತ್ರ ಒಳಗಿದೆ, ಅದನ್ನು ತೋರಿಸಲಾರೆ. ಈಗ ನೀವು ನೋಡುತ್ತಿರುವ ಅಂಗಳದ ಕೊಳದಲ್ಲಿ ತೇಲುತ್ತಿರುವವು ಫ್ರಾನ್ಸಿನ ಜಿವರ್ನಿ ಎಂಬ ಹಳ್ಳಿಯಲ್ಲಿರುವ ಮೊನೆಯ ತೋಟದಿಂದ ಬಂದ ಗಿಡದ ನೈದಿಲೆಗಳು.